ಕರೆಂಟಿಗೆ ವಾಪಸು ದಾರಿ

ಬೇಸಿಗೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಗೆ ಬಿಡುವಿಲ್ಲ. ಬೋರ್‌ವೆಲ್‌ನಿಂದ ಎತ್ತಿ ತಂದ ಸಬ್‌ಮರ್ಸಿಬಲ್ ಮೋಟಾರುಗಳು ಬಾಗಿಲ ಬಳಿ ಸಾಲಾಗಿ ಮಲಗಿವೆ. ಒಳಗೆಲ್ಲ ವಾರ್ನಿಷ್ ವಾಸನೆ. ಮಾವ ಅರವತ್ತು ದಾಟಿದವರು, ನಲವತ್ತು ವರ್ಷ ಕಾಯಿಲ್ ಸುತ್ತಿದ ಕೈ ಅವರದು. ಸೊಸೆ, ಎಂದರೆ ಅಕ್ಕನ ಮಗಳು, ಉಕ್ಕಿನ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ ಎಂಜಿನಿಯರು. ರಜೆಗೆ ಬಂದಿದ್ದಾಳೆ. ಕರೆಂಟು ಹೋಗಿತ್ತು, ಹಾಗಾಗಿ ಮಾತಿಗೆ ಸಮಯ ಸಿಕ್ಕಿತು.

ಮಾವ: ನಿನ್ನ ಕೆಲಸ ಏನು ಅಂತ ನಿಮ್ಮಮ್ಮನ್ನ ಕೇಳಿದ್ರೆ, ಕಾದ ಕಬ್ಬಿಣಕ್ಕೆ ಆಯಸ್ಕಾಂತ ಹಿಡಿಯೋದು ಅಂದ್ಲು. ಅದೇನಮ್ಮ ಅದು?

ಸೊಸೆ: ಹಿಡಿಯೋದೇನೋ ಹೌದು ಮಾವ. ಆದ್ರೆ ಅಂಟಿಸೋಕಲ್ಲ. ಕರಗಿದ ಉಕ್ಕು ಆಯಸ್ಕಾಂತಕ್ಕೆ ಅಂಟೋದೇ ಇಲ್ಲ.

ಮಾವ: ಅದು ಗೊತ್ತು. ಕುಲುಮೆಯಲ್ಲಿ ಕೆಂಪಗೆ ಕಾದ ಗುಳ ಅಂಟಲ್ಲ ಅನ್ನೋದನ್ನ ಚಿಕ್ಕವನಿದ್ದಾಗಲೇ ನೋಡಿದೀನಿ.

ಸೊಸೆ: 770 ಡಿಗ್ರಿ ದಾಟಿದರೆ ಕಬ್ಬಿಣ ಆ ಗುಣ ಕಳಕೊಳ್ಳುತ್ತೆ. ನಮ್ಮದು 1,500 ದಾಟಿರೋ ಮಾಲು. ಕರಗಿದ ಮೇಲೆ ಉಕ್ಕೂ ಅಷ್ಟೆ, ಅಲ್ಯೂಮಿನಿಯಂ ಕೂಡ ಅಷ್ಟೆ, ಪಾದರಸವೂ ಅಷ್ಟೆ. ಒಳಗೆ ಕರೆಂಟು ಹರಿಯಬಲ್ಲ ದ್ರವ, ಬೇರೇನೂ ಅಲ್ಲ. ಆ ದ್ರವ ಸುಳಿ ಸುತ್ತಬೇಕೆಂದಾಗ ಸುತ್ತಿಸಬೇಕು, ಬೇಡವೆಂದಾಗ ನಿಲ್ಲಿಸಬೇಕು. ಸೌಟು ಇಳಿಸೋ ಹಾಗಿಲ್ಲ, ಸೌಟೇ ಕರಗುತ್ತೆ. ಅದಕ್ಕೇ ಆಯಸ್ಕಾಂತ.

ಮಾವ: ಅಂಟದೇ ಇರೋದನ್ನ ಹೇಗೆ ಹಿಡಿಯುತ್ತೆ, ಹೇಗೆ ತಿರುಗಿಸುತ್ತೆ?

ಸೊಸೆ: ನಿಮ್ಮ ಗೋಡೆ ಮೇಲೇ ಇದೆಯಲ್ಲ ಉತ್ತರ. ಆ ಹಳೇ ಮೀಟರು.

ಮಾವ: ಅದು ಕೆಟ್ಟು ಎಷ್ಟೋ ವರ್ಷ ಆಯ್ತು. ತೆಗೆದಿಲ್ಲ ಅಷ್ಟೆ.

ಸೊಸೆ: ಒಳಗಿನ ಚಕ್ರ ಅಲ್ಯೂಮಿನಿಯಂದು. ಅದನ್ನ ಏನು ತಿರುಗಿಸ್ತಿತ್ತು?

ಮಾವ: ಮೇಲೆ ವೋಲ್ಟೇಜ್ ಕಾಯಿಲ್, ಕೆಳಗೆ ಕರೆಂಟ್ ಕಾಯಿಲ್. ಎರಡರ ಕಾಂತವೂ ಒಟ್ಟಿಗೆ ಏರಿಳಿಯಲ್ಲ, ಒಂದರ ಹಿಂದೆ ಒಂದು. ಚಕ್ರದ ಮೇಲೆ ಅಲೆ ಸರಿದ ಹಾಗೆ. ಆ ಅಲೆಗೆ ಚಕ್ರದೊಳಗೇ ಕರೆಂಟು ಹುಟ್ಟಿ ಚಕ್ರ ಹಿಂದೆಹಿಂದೆ ಓಡುತ್ತೆ. ಇನ್ನೊಂದು ಅಂಚಲ್ಲಿ ಒಂದು ಕಾಯಂ ಆಯಸ್ಕಾಂತ. ಅದು ಬ್ರೇಕು. ಅದಿಲ್ಲದಿದ್ದರೆ ಒಂದು ಫ್ಯಾನು ಹಾಕಿದ್ರೂ ಚಕ್ರ ಬುಗುರಿ ಥರ ಸುತ್ತೋದು.

(ಕೆಲವರು ಹೊರಗಿನಿಂದ ಇನ್ನೊಂದು ಆಯಸ್ಕಾಂತ ಅಂಟಿಸಿ ಆ ಬ್ರೇಕಿಗೆ ನೆರವಾಗುತ್ತಿದ್ದ ಕಾಲವೂ ಇತ್ತು. ಮಾವ ಅದನ್ನು ಹೇಳಲಿಲ್ಲ, ಮುಗುಳ್ನಕ್ಕರು.)

ಸೊಸೆ: ನೋಡಿ, ಒಂದೇ ಚಕ್ರ. ಈ ಅಂಚಲ್ಲಿ ಆಯಸ್ಕಾಂತ ಓಡಿಸುತ್ತೆ, ಆ ಅಂಚಲ್ಲಿ ಆಯಸ್ಕಾಂತವೇ ಹಿಡಿಯುತ್ತೆ. ಎರಡೂ ಒಂದೇ ಹಟ. ಕಾಂತಕ್ಕೂ ಲೋಹಕ್ಕೂ ವೇಗದಲ್ಲಿ ವ್ಯತ್ಯಾಸ ಇದ್ದರೆ ಲೋಹದೊಳಗೆ ಹುಟ್ಟೋ ಕರೆಂಟು ಆ ವ್ಯತ್ಯಾಸವನ್ನ ಅಳಿಸೋಕೆ ನೋಡುತ್ತೆ. 1834ರಲ್ಲಿ ಲೆಂಜ್ ಅನ್ನೋ ವಿಜ್ಞಾನಿ ಹೇಳಿದ್ದು ಇದನ್ನೇ. ಕಾಂತ ಓಡ್ತಿದ್ದರೆ ಲೋಹವನ್ನೂ ಎಳಕೊಂಡು ಹೋಗುತ್ತೆ. ಕಾಂತ ನಿಂತಿದ್ದರೆ ಲೋಹವನ್ನೂ ನಿಲ್ಲಿಸೋಕೆ ನೋಡುತ್ತೆ.

ಮಾವ: ಹಂಗಾದ್ರೆ ನೀವು ತಿರುಗಿಸೋಕೆ ಸ್ಟೇಟರ್ ಇಟ್ಟಿರ್ತೀರಿ.

ಸೊಸೆ: ಸಾಕ್ಷಾತ್ ಸ್ಟೇಟರ್ರೇ! ನೀವು ಸುತ್ತೋದೇ. ಮೂರು ಫೇಸು, ಸುತ್ತ ಕಾಯಿಲು. ನಡುವೆ ತಾಮ್ರದ ಅಚ್ಚು, ಅಚ್ಚಿನೊಳಗೆ ಉಕ್ಕು ಮೇಲಿಂದ ಸುರಿದು, ಅಂಚಲ್ಲಿ ಹೆಪ್ಪುಗಟ್ಟುತ್ತಾ ಕೆಳಗಿನಿಂದ ಚೌಕದ ಸಲಾಕೆಯಾಗಿ ಹೊರಗೆ ಬರುತ್ತೆ. ಬಿಲ್ಲೆಟ್ ಅಂತೀವಿ. ಸುಮಾರು 150 ಮಿಲಿಮೀಟರ್ ಅಗಲ. ಒಳಗೆ ಇನ್ನೂ ಹೆಪ್ಪುಗಟ್ಟದ ಉಕ್ಕೇ ರೋಟರ್.

ಮಾವ: ಶಾಫ್ಟ್ ಇಲ್ಲ, ಬೇರಿಂಗ್ ಇಲ್ಲ. ನಿನ್ನ ಮೋಟಾರಿಗೆ ಗಿರಾಕಿ ವಾಪಸು ಬರೋದೇ ಇಲ್ಲ ಬಿಡು. ಎಷ್ಟು ಸ್ಪೀಡು?

ಸೊಸೆ: ಕಾಂತ ಸೆಕೆಂಡಿಗೆ 4 ಸುತ್ತು, ಅಂದರೆ ನಿಮಿಷಕ್ಕೆ 240. ಉಕ್ಕು ಸುತ್ತೋದು ಹೆಚ್ಚೂಕಡಿಮೆ 60.

ಮಾವ: ನಾಲ್ಕರಲ್ಲಿ ಮೂರು ಪಾಲು ಸ್ಲಿಪ್ಪು! ನಾನು ಸುತ್ತಿದ ಮೋಟಾರಲ್ಲಿ ನೂರಕ್ಕೆ ನಾಲ್ಕೈದು ಸ್ಲಿಪ್ ಬಂದ್ರೇ ಜಾಸ್ತಿ. ಎಪ್ಪತ್ತೈದು ಬಂದ್ರೆ ಗಿರಾಕಿ ಮೋಟಾರು ತಂದು ತಲೆ ಮೇಲೆ ಹಾಕ್ತಾನೆ.

ಸೊಸೆ: ಇಲ್ಲಿ ಲೋಡು ಅಂದರೆ ಗೋಡೆಗೆ ಉಜ್ಜೋದೇ. ಉಕ್ಕು ತನ್ನನ್ನ ತಾನೇ ಹೊತ್ತು ತಿರುಗಬೇಕು.

ಮಾವ: ಮತ್ತೆ ನಾಲ್ಕೇ ಸುತ್ತು ಯಾಕೆ? ಲೈನಲ್ಲಿ ಬರೋ ಐವತ್ತನ್ನೇ ಕೊಟ್ಟಿದ್ರೆ?

ಸೊಸೆ: ನಡುವೆ ತಾಮ್ರದ ಗೋಡೆ ಇದೆಯಲ್ಲ. ಅದೂ ಲೋಹ, ಅದರಲ್ಲೂ ಕರೆಂಟು ಹುಟ್ಟುತ್ತೆ. 50 ಹರ್ಟ್ಜ್‌ನಲ್ಲಿ ಕಾಂತ ತಾಮ್ರದೊಳಗೆ ಒಂಬತ್ತು ಮಿಲಿಮೀಟರು ಹೋಗೋಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಬಲ ಕಳಕೊಂಡಿರುತ್ತೆ. ಅಚ್ಚಿನ ಗೋಡೆಯೇ ಛತ್ರಿ ಆಗಿಬಿಡುತ್ತೆ. 5 ಹರ್ಟ್ಜ್‌ಗೆ ಇಳಿಸಿದರೆ ಅದೇ ಆಳ ಮೂರು ಸೆಂಟಿಮೀಟರು, ಆಗ ಗೋಡೆ ದಾಟಿ ಉಕ್ಕಿಗೆ ತಲಪುತ್ತೆ.

ಮಾವ: ಅಷ್ಟೆಲ್ಲ ಮಾಡಿ ಸುತ್ತಿಸೋದು ಯಾಕೆ ಅಂತ ಹೇಳಲೇ ಇಲ್ಲ.

ಸೊಸೆ: ಐಸ್‌ಕ್ಯಾಂಡಿ ನೆನಪಿದೆಯಾ? ಹೊರಗೆ ಬಿಳಚಿಕೊಂಡಿರುತ್ತೆ, ನಡುವೆ ಕಡ್ಡಿ ಸುತ್ತ ಬಣ್ಣ, ಸಿಹಿ ಎಲ್ಲ ಗಟ್ಟಿಯಾಗಿ ನಿಂತಿರುತ್ತೆ. ಹೆಪ್ಪುಗಟ್ಟುವಾಗ ನೀರು ತನ್ನಲ್ಲಿ ಸೇರಿದ್ದನ್ನ ಒಳಕ್ಕೆ ತಳ್ಳುತ್ತಾ ಬರುತ್ತೆ. ಉಕ್ಕೂ ಹಾಗೆಯೇ. ಇಂಗಾಲ, ಗಂಧಕ, ರಂಜಕ ಎಲ್ಲ ನಡುವಿಗೆ. ಆ ಬಿಲ್ಲೆಟ್ಟಿನಿಂದ ತಂತಿ ಎಳೆದರೆ ನಡುವೆ ಸೀಳು ಬಿಡುತ್ತೆ. ಸುಳಿ ಸುತ್ತಿಸಿದರೆ ಅಂಚಿನಿಂದ ಒಳಕ್ಕೆ ಚಾಚಿಕೊಂಡು ಬರೋ ಹರಳಿನ ಕೊಂಬೆಗಳು ಮುರಿದು ಚೂರಾಗಿ ಒಳಗೆಲ್ಲ ಹರಡುತ್ತವೆ. ಒಂದೊಂದು ಚೂರೂ ಹೊಸ ಹರಳಿಗೆ ಬೀಜ. ಉದ್ದುದ್ದ ಸೂಜಿಗಳ ಬದಲು ರವೆಯಂಥ ಕಾಳು ಕಟ್ಟುತ್ತೆ.

ಮಾವ: ಹಂಗಾದ್ರೆ ಜೋರಾಗಿ ಸುತ್ತಿಸಿದಷ್ಟೂ ಒಳ್ಳೇದು.

ಸೊಸೆ: ಅಲ್ಲೇ ಕಷ್ಟ. ಜೋರಾದ್ರೆ ಮೇಲ್ಮೈ ನಡುವೆ ಕುಸಿಯುತ್ತೆ, ಲೋಟದ ಕಾಫಿಯನ್ನ ಚಮಚದಲ್ಲಿ ಸುತ್ತಿಸಿದ ಹಾಗೆ. ಅಂಚಲ್ಲಿ ಸೆಕೆಂಡಿಗೆ ಅರ್ಧ ಮೀಟರು ವೇಗ ಅಂದ್ರೂ ಗುಳಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ. ಉಕ್ಕಿನ ಮೇಲೆ ಹೊದಿಕೆಗೆ ಹಾಕಿರೋ ಪುಡಿ ಆ ಗುಳಿಗೆ ಜಾರಿ, ಸುಳಿ ಅದನ್ನ ಒಳಕ್ಕೆ ಎಳಕೊಂಡು ಹೋಗುತ್ತೆ. ಆಮೇಲೆ ಅದು ಉಕ್ಕಿನ ಹೊಟ್ಟೆಯಲ್ಲಿ ಕಲ್ಲು. ಕಡಿಮೆ ಆದ್ರೆ ಹರಳು ಮುರಿಯಲ್ಲ, ಹೆಚ್ಚಾದ್ರೆ ಪುಡಿ ಸೇರುತ್ತೆ.

ಮಾವ: ಅದಕ್ಕೆ ಬ್ರೇಕು ಬೇಕಾಗೋದು.

ಸೊಸೆ: ಬ್ರೇಕು ನಿಜವಾಗಿ ಬೇಕಾಗಿದ್ದು ಅಗಲದ ಹಲಗೆ ಎರಕ ಹೊಯ್ಯುವಾಗ. ಅಲ್ಲಿ ನಳಿಗೆಯಿಂದ ಉಕ್ಕು ಎರಡೂ ಕಡೆ ಚಿಮ್ಮಿ ಗೋಡೆಗೆ ಬಡಿಯುತ್ತೆ. 1980ರ ದಶಕದಲ್ಲಿ ಜಪಾನಿನ ಕವಾಸಾಕಿ ಸ್ಟೀಲ್ ಮತ್ತು ಸ್ವೀಡನ್ನಿನ ಆಸಿಯಾ ಕಂಪನಿಗಳು ಸೇರಿ ಆ ಚಿಮ್ಮುವಿಕೆಗೆ ಅಡ್ಡಲಾಗಿ ಡೀಸಿ ಕಾಂತ ಇಟ್ಟವು. ಲೆಕ್ಕ ಸುಲಭ ಮಾವ: ಸಾಂದ್ರತೆಯನ್ನ ವಾಹಕತೆಯಿಂದ ಭಾಗಿಸಿ, ಕಾಂತದ ಬಲದ ವರ್ಗದಿಂದ ಇನ್ನೊಮ್ಮೆ ಭಾಗಿಸಿದರೆ ಹರಿವು ಸೊರಗೋಕೆ ಹಿಡಿಯೋ ಕಾಲ. ಉಕ್ಕಿಗೆ 0.1 ಟೆಸ್ಲಾದಲ್ಲಿ ಹೆಚ್ಚೂಕಡಿಮೆ ಒಂದು ಸೆಕೆಂಡು. ಬಲ ಮೂರು ಪಟ್ಟು ಮಾಡಿದರೆ ಒಂಬತ್ತರಲ್ಲಿ ಒಂದು.

ಮಾವ: ಉಪ್ಪುನೀರಿಗೆ?

ಸೊಸೆ: ಸಮುದ್ರದ ನೀರಿಗೆ ಅದೇ 0.1 ಟೆಸ್ಲಾ ಇಟ್ಟರೆ ಐದೂವರೆ ಗಂಟೆ. ಅಷ್ಟರಲ್ಲಿ ಸುಳಿ ತಾನಾಗೇ ನಿಂತಿರುತ್ತೆ. ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆ ಮೇಲಿಂದ ಥೇಮ್ಸ್ ನದಿಗೆ ತಾಮ್ರದ ಹಲಗೆ ಇಳಿಬಿಟ್ಟು, ಭೂಮಿಯ ಕಾಂತದಲ್ಲಿ ಹರಿಯೋ ನೀರಿನಿಂದ ಕರೆಂಟು ಸಿಗುತ್ತಾ ಅಂತ ನೋಡಿದ. ಯೋಚನೆ ಸರಿ ಇತ್ತು, ಆದ್ರೆ ನಂಬೋ ಹಾಗೆ ಏನೂ ಸಿಗಲಿಲ್ಲ. ನೀರು ಹೇಗೂ ಬಡ ವಾಹಕ. ಕರಗಿದ ಲೋಹದ ಮುಂದೆ ಸಮುದ್ರದ ನೀರೂ ಲಕ್ಷದಲ್ಲಿ ಒಂದು ಪಾಲು.

ಮಾವ: ಸರಿ. ಆಯಸ್ಕಾಂತ ಜೋರಾಗಿದ್ರೆ ಸುಳಿ ನಿಲ್ಲುತ್ತೆ. ಅರ್ಥ ಆಯ್ತು.

ಸೊಸೆ: ಇಲ್ಲ, ಅಲ್ಲೇ ನಾನೂ ಒಂದು ವರ್ಷ ಏಮಾರಿದ್ದೆ. ಒಂದು ಪ್ರಶ್ನೆ ಕೇಳ್ತೀನಿ. ಮೀಟರಿನ ಬ್ರೇಕು ಚಕ್ರದ ಒಂದು ಮೂಲೇಲಿ ಇದೆ. ಅದರ ಬದಲು ಚಕ್ರದಷ್ಟೇ ಅಗಲದ ಆಯಸ್ಕಾಂತ ಇಟ್ಟು, ಇಡೀ ಚಕ್ರದ ಮೇಲೆ ಒಂದೇ ಸಮನಾಗಿ ಕಾಂತ ಬೀಳೋ ಹಾಗೆ ಮಾಡಿದ್ರೆ?

ಮಾವ: ಗಟ್ಟಿ ಬ್ರೇಕು. ಇದ್ದಲ್ಲೇ ನಿಲ್ಲುತ್ತೆ.

ಸೊಸೆ: ಬ್ರೇಕೇ ಇರಲ್ಲ.

ಮಾವ: ಏನು ಮಾತು ಅಂತ ಆಡ್ತೀಯ?

ಸೊಸೆ: ಚಕ್ರ ತಿರುಗಿದಾಗ ಕರೆಂಟು ಯಾವ ಕಡೆ ನೂಕಿಸಿಕೊಳ್ಳುತ್ತೆ? ನಡುವಿನಿಂದ ಅಂಚಿಗೆ. ಎಲ್ಲ ದಿಕ್ಕಲ್ಲೂ ಹಾಗೆಯೇ, ಒಂದೇ ಸಮ. ಅಂಚಿಗೆ ಹೋದದ್ದು ವಾಪಸು ಎಲ್ಲಿಂದ ಬರಬೇಕು?

(ಮಾವ ಬೆರಳಲ್ಲಿ ಮೇಜಿನ ಧೂಳಿನ ಮೇಲೆ ಒಂದು ಚಕ್ರ ಬರೆದರು, ಒಳಗಿಂದ ಹೊರಕ್ಕೆ ಬಾಣಗಳನ್ನು ಎಳೆದರು. ಎಂಟನೆಯ ಬಾಣಕ್ಕೆ ಕೈ ನಿಂತಿತು.)

ಮಾವ: ದಾರಿ ಇಲ್ಲ. ಎಲ್ಲ ಕಡೆಯಿಂದಲೂ ಹೊರಕ್ಕೇ ತಳ್ಳಿದ್ರೆ ವಾಪಸು ಬರೋಕೆ ಜಾಗ ಎಲ್ಲಿ? ಅಂಚಲ್ಲಿ ವೋಲ್ಟೇಜು ಕೂತ್ಕೊಳ್ಳುತ್ತೆ, ಅಷ್ಟೆ. ಕರೆಂಟಿಲ್ಲ. ಕರೆಂಟಿಲ್ಲ ಅಂದ್ಮೇಲೆ ಹಿಡಿತವೂ ಇಲ್ಲ.

ಸೊಸೆ: ಅಂಚಿನಿಂದ ನಡುವಿಗೆ ಹೊರಗಡೆ ಒಂದು ತಂತಿ ಕೊಟ್ಟರೆ?

ಮಾವ: ಆಗ ಹರಿಯುತ್ತೆ, ಆಗ ಹಿಡಿಯುತ್ತೆ. ಮೀಟರಿನ ಆಯಸ್ಕಾಂತ ಯಾಕೆ ಚಿಕ್ಕದು ಅಂತ ಈಗ ಗೊತ್ತಾಯ್ತು ನೋಡು. ಅದರ ಕೆಳಗೆ ಹುಟ್ಟಿದ ಕರೆಂಟಿಗೆ ಪಕ್ಕದ ಖಾಲಿ ಜಾಗದಿಂದ ಸುತ್ತಿ ಬರೋಕೆ ದಾರಿ ಇದೆ. ಇಷ್ಟು ವರ್ಷ ಅದನ್ನ ಬಿಚ್ಚಿ ಕಟ್ಟಿದೀನಿ, ದುಡ್ಡು ಉಳಿಸೋಕೆ ಚಿಕ್ಕದು ಇಟ್ಟಿದಾರೆ ಅಂದ್ಕೊಂಡಿದ್ದೆ.

ಸೊಸೆ: ಸುಳಿಗೂ ಅದೇ. ಪಾತ್ರೆಯಲ್ಲಿ ಪಾದರಸ ಸುತ್ತುತ್ತಿದೆ ಅನ್ನಿ, ಸುಳಿಯ ಅಕ್ಷದ ಗುಂಟ, ಮೇಲಿಂದ ಕೆಳಕ್ಕೆ ಕಾಂತ ಇಟ್ಟರೆ ನಡುವಿನ ಸುಳಿಯನ್ನ ಅದು ನೇರವಾಗಿ ಮುಟ್ಟೋದೇ ಇಲ್ಲ. ಅದೇ ಕಾಂತವನ್ನ ಅಡ್ಡ ಇಡಿ, ಕರೆಂಟು ಒಂದು ಕಡೆ ಮೇಲೇರಿ ಇನ್ನೊಂದು ಕಡೆ ಕೆಳಗಿಳಿದು ಸುತ್ತು ಮುಗಿಸುತ್ತೆ, ಸುಳಿ ಬೇಗ ಸಾಯುತ್ತೆ. ಬಲ ಎಷ್ಟು ಅನ್ನೋದಕ್ಕಿಂತ ಮೊದಲು ದಿಕ್ಕು ಯಾವುದು ಅಂತ ಕೇಳಬೇಕು. ಪುಸ್ತಕದಲ್ಲಿ ಇದು ನಾಲ್ಕು ಸಾಲಿನ ಸಮೀಕರಣ. ನನಗೆ ಅರ್ಥ ಆಗಿದ್ದು ಕರೆಂಟಿಗೆ ವಾಪಸು ದಾರಿ ಹುಡುಕಿದಾಗಲೇ.

ಮಾವ: ಅದನ್ನ ನನ್ನ ಕೇಳಿದ್ರೆ ಮೊದಲೇ ಹೇಳ್ತಿದ್ದೆ. ಈ ಸ್ಟೇಟರ್ ನೋಡು. ಒಂದೇ ಗಟ್ಟಿ ಕಬ್ಬಿಣದಲ್ಲಿ ಕೊರೆಯೋದು ಬಿಟ್ಟು ಕಾಗದದಂಥ ತಗಡು ಜೋಡಿಸಿ, ನಡುನಡುವೆ ವಾರ್ನಿಷ್ ಬಳಿದು ಯಾಕೆ ಮಾಡ್ತಾರೆ? ಕರೆಂಟಿಗೆ ಸುತ್ತು ಮುಗಿಸೋಕೆ ದಾರಿ ಸಿಗಬಾರದು ಅಂತ. ಸ್ಲಾಟ್ ಉಜ್ಜುವಾಗ ಹುಡುಗರು ಅರ ಹಾಕಿ ತಗಡಿಗೆ ತಗಡು ಬೆಸೆದುಬಿಡ್ತಾರೆ, ದಾರಿ ಸಿಕ್ಕಿಬಿಡುತ್ತೆ, ಲೋಡಿಲ್ಲದೇನೇ ಮೋಟಾರು ಕಾಯುತ್ತೆ. ನಿಮ್ಮ ಉಕ್ಕಿನಲ್ಲಿ ದಾರಿ ಕೊಡಬೇಕು, ನಮ್ಮ ಕಬ್ಬಿಣದಲ್ಲಿ ಕಟ್ಟಬೇಕು. ವಿಷಯ ಒಂದೇ.

ಸೊಸೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದನ್ನ ನಮ್ಮ ಕ್ಲಾಸಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾವ: ಹಂಗಾದ್ರೆ ನಿನ್ನ ಪಾದರಸ ಮೇಲಿಂದ ಕೆಳಕ್ಕೆ ಕಾಂತ ಇದ್ದರೆ ಸುತ್ತುತ್ತಲೇ ಇರುತ್ತಾ?

ಸೊಸೆ: ಇರಲ್ಲ. ಪಾತ್ರೆಯ ತಳಕ್ಕೆ ಅಂಟಿದ ಪದರ ನಿಂತಿರುತ್ತೆ ಅಲ್ವಾ? ಅಲ್ಲಿ ವೇಗ ಇಲ್ಲ, ಹೊರಕ್ಕೆ ತಳ್ಳುವಿಕೆಯೂ ಇಲ್ಲ. ಮೇಲೆ ಅಂಚಿಗೆ ಹೋದ ಕರೆಂಟು ಆ ತಳದ ಪದರದಿಂದ ನುಸುಳಿ ವಾಪಸು ಬರುತ್ತೆ.

ಮಾವ: ಕಳ್ಳದಾರಿ.

ಸೊಸೆ: ಕಳ್ಳದಾರಿಯೇ. ಡೆನ್ಮಾರ್ಕಿನ ಯೂಲಿಯುಸ್ ಹಾರ್ಟ್‌ಮನ್ 1937ರಲ್ಲಿ ಕೊಳವೆಯಲ್ಲಿ ಪಾದರಸ ಹರಿಸಿ ಪ್ರಯೋಗ ಮಾಡಿ, ಲೆಕ್ಕವನ್ನೂ ಬರೆದ. ಪದರಕ್ಕೆ ಈಗ ಅವನದೇ ಹೆಸರು. ಪಾದರಸದಲ್ಲಿ 1 ಟೆಸ್ಲಾ ಇಟ್ಟರೆ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ಅಷ್ಟು ತೆಳುವಾದ ಪದರದಿಂದ ಇಡೀ ಪಾತ್ರೆಯ ಸುಳಿಯ ಆಯಸ್ಸು ತೀರ್ಮಾನ ಆಗುತ್ತೆ. ತಳಕ್ಕೆ ತಾಮ್ರ ಹಾಕಿದ್ರೆ ಹೆದ್ದಾರಿ ಸಿಕ್ಕ ಹಾಗೆ, ಸುಳಿ ಇನ್ನೂ ಬೇಗ ನಿಲ್ಲುತ್ತೆ. ಗಾಜು ಹಾಕಿದ್ರೆ ನಿಧಾನ.

ಮಾವ: ಇದೆಲ್ಲ ಉಕ್ಕಿಗೆ ಮಾತ್ರನಾ?

ಸೊಸೆ: ನಿಮ್ಮ ಜೇಬಲ್ಲಿರೋ ಫೋನಿನ ಚಿಪ್ಪಿಗೂ. ಸಿಲಿಕಾನ್ ಗಟ್ಟಿಯಾಗಿದ್ದಾಗ ಅರೆವಾಹಕ, 1,414 ಡಿಗ್ರಿಯಲ್ಲಿ ಕರಗಿದರೆ ಪಕ್ಕಾ ಲೋಹದ ನಡತೆ. ಕರಗಿದ ಸಿಲಿಕಾನ್ ಇರೋ ಮೂಸೆ ಒಂದು ಕಡೆ ತಿರುಗುತ್ತೆ, ಅದರಿಂದ ಮೇಲಕ್ಕೆ ಎತ್ತೋ ಹರಳು ಇನ್ನೊಂದು ಕಡೆ. ನಡುವಿನ ದ್ರವ ಕದಡಿ ಮೂಸೆಯ ಗೋಡೆಯಿಂದ ಆಮ್ಲಜನಕ ತೊಳಕೊಂಡು ಬಂದು ಹರಳಿಗೆ ಸೇರಿಸುತ್ತೆ. 1966ರಲ್ಲೇ ಬೇರೆ ಹರಳುಗಳಲ್ಲಿ ಕಾಂತ ಇಟ್ಟು ಈ ಕದಡುವಿಕೆ ಅಡಗಿಸಿ ತೋರಿಸಿದ್ದರು. ಸಿಲಿಕಾನಿಗೆ ಅದನ್ನ ತಂದಿದ್ದು ಸೋನಿ ಕಂಪನಿಯವರು, 1980ರಲ್ಲಿ. ಸಿಲಿಕಾನ್ ಹಗುರ, ವಾಹಕತೆ ಉಕ್ಕಿಗಿಂತ ಜಾಸ್ತಿ. ಉಕ್ಕಿಗೆ ಒಂದು ಸೆಕೆಂಡು ಅಂದೆನಲ್ಲ, ಇದಕ್ಕೆ ಅದರ ಐದರಲ್ಲೊಂದು ಸಾಕು.

ಮಾವ: ಒಟ್ಟಿನಲ್ಲಿ ನಿಂತ ಕಾಂತ ಅಂದರೆ ಕದಡಿದ್ದನ್ನ ಸುಮ್ಮನಾಗಿಸೋದು.

ಸೊಸೆ: ಹಾಗಂತ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೂಡ ಮೊದಲು ತೋರಿಸಿದ್ದರು. ನಕ್ಷತ್ರಗಳ ಕೆಲಸಕ್ಕೆ 1983ರಲ್ಲಿ ನೊಬೆಲ್ ಬಂತಲ್ಲ, ಅವರೇ. ಒಂದರೊಳಗೊಂದು ಎರಡು ಉರುಳೆ, ನಡುವೆ ದ್ರವ, ಒಳಗಿನದು ತಿರುಗಿದರೆ ದ್ರವದಲ್ಲಿ ಬಳೆ ಜೋಡಿಸಿದ ಹಾಗೆ ಸುಳಿಗಳು ಏಳುತ್ತವೆ. ಉದ್ದಕ್ಕೆ ಕಾಂತ ಇಟ್ಟರೆ ಅವು ಏಳೋದು ತಡವಾಗುತ್ತೆ ಅಂತ 1953ರಲ್ಲಿ ಲೆಕ್ಕ ಹಾಕಿದರು, ಆಮೇಲೆ ಪಾದರಸದಲ್ಲಿ ಅದು ನಿಜವೂ ಆಯ್ತು. ಆದ್ರೆ 1959ರಲ್ಲಿ ರಷ್ಯದ ವೆಲಿಖೋವ್, ಮರುವರ್ಷ ಚಂದ್ರಶೇಖರ್, ಇನ್ನೊಂದು ಹೇಳಿದರು. ಒಳಗಿನದು ಬೇಗ, ಹೊರಗಿನದು ನಿಧಾನ ಸುತ್ತೋ ಕಡೆ, ತಾನಾಗಿ ನೆಮ್ಮದಿಯಾಗಿದ್ದ ಸುತ್ತನ್ನೂ ಒಂದು ಸಣ್ಣ ಕಾಂತ ಕೆಡಿಸಬಲ್ಲದು.

ಮಾವ: ಒಳಗಿನದು ಬೇಗ, ಹೊರಗಿನದು ನಿಧಾನ. ಗ್ರಹಗಳ ಹಾಗೆ. ಶನೈಶ್ಚರ ಅನ್ನೋದೇ ಮೆಲ್ಲಗೆ ನಡೆಯೋನು ಅಂತ.

ಸೊಸೆ: ಹಾಗೇ. ಬೇಗ ಓಡೋನಿಗೂ ನಿಧಾನ ಓಡೋನಿಗೂ ಸೈಕಲ್ ಟ್ಯೂಬಿನ ರಬ್ಬರು ಕಟ್ಟಿ. ರಬ್ಬರು ಒಳಗಿನವನನ್ನ ಹಿಂದಕ್ಕೆ ಜಗ್ಗುತ್ತೆ, ಅವನು ಸೋತು ಇನ್ನೂ ಒಳಕ್ಕೆ ಬೀಳ್ತಾನೆ. ಹೊರಗಿನವನನ್ನ ಮುಂದಕ್ಕೆ ಎಳೆಯುತ್ತೆ, ಅವನು ಇನ್ನೂ ಹೊರಕ್ಕೆ ಹೋಗ್ತಾನೆ. ಕಾಂತದ ಗೆರೆಗಳೇ ಆ ರಬ್ಬರು. ಈ ಮಾತು ಮೂವತ್ತು ವರ್ಷ ಪುಸ್ತಕದಲ್ಲೇ ಮಲಗಿತ್ತು. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ ಅನ್ನೋ ಇಬ್ಬರು, ಕಪ್ಪುಕುಳಿಯ ಸುತ್ತಲಿನ ಅನಿಲದ ತಟ್ಟೆ ಒಳಕ್ಕೆ ಬೀಳೋದು ಇದರಿಂದಲೇ ಇರಬೇಕು ಅಂದರು. ಪ್ರಿನ್ಸ್‌ಟನ್‌ನವರು ಗ್ಯಾಲಿಯಂ, ಇಂಡಿಯಂ, ತವರ ಬೆರೆಸಿದ ದ್ರವವನ್ನ ಉರುಳೆಗಳ ನಡುವೆ ಸುತ್ತಿಸಿ, ಕೊನೆಗೂ ಇದನ್ನ ಕಂಡೆವು ಅಂತ ಬರೆದದ್ದು 2022ರಲ್ಲಿ.

ಮಾವ: ಕಪ್ಪುಕುಳಿ ಇರಲಿ. ನಿನ್ನ ಪುಡಿ ಹಾಕಿದ ಗುಳಿ ಏನಾಯ್ತು? ಸುತ್ತಿಸಲೂ ಬೇಕು, ಗುಳಿ ಬೀಳಲೂಬಾರದು ಅಂದೆ.

ಸೊಸೆ: ಅದೇ ಈಗ ನನ್ನ ತಲೆನೋವು.

ಮಾವ: ನಿಮ್ಮಜ್ಜಿ ಮೊಸರು ಕಡೆಯೋದು ನೋಡಿದ್ದೀಯಾ? ಕಡೆಗೋಲನ್ನ ಒಂದೇ ಕಡೆ ಸುತ್ತಿಸ್ತಿದ್ಲಾ?

ಸೊಸೆ: ಇಲ್ಲ. ಹಗ್ಗ ಆ ಕಡೆ ಒಂದೆಳೆತ, ಈ ಕಡೆ ಒಂದೆಳೆತ.

ಮಾವ: ಒಂದೇ ಕಡೆ ಸುತ್ತಿಸಿದ್ರೆ ಮೊಸರೂ ಕಡೆಗೋಲಿನ ಜೊತೆ ಸುಮ್ಮನೆ ಸುತ್ತುತ್ತೆ. ಬೆಣ್ಣೆ ಬರಲ್ಲ, ಗಡಿಗೆಯಿಂದ ಹೊರಗೆ ಚೆಲ್ಲುತ್ತೆ. ಎರಡು ಫೇಸು ಅದಲುಬದಲು ಮಾಡು, ಕಾಂತ ಉಲ್ಟಾ ತಿರುಗುತ್ತೆ.

ಸೊಸೆ: ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಒಂದು ತಂಡ ಅದನ್ನೇ ಮಾಡಿ ನೋಡಿದೆ ಮಾವ. ಒಂದೇ ದಿಕ್ಕಿನ ಸುಳಿಗಿಂತ ಆಗಾಗ ದಿಕ್ಕು ಬದಲಿಸಿದ್ದು ಚೆನ್ನಾಗಿ ಕಲೆಸುತ್ತೆ, ಮೇಲ್ಮೈಯೂ ಅಷ್ಟು ಕದಡಲ್ಲ. ಆದ್ರೆ ಕಾಲ ಸರಿ ಇರಬೇಕು. ತೀರಾ ಬೇಗ ಬದಲಿಸಿದರೆ ಲೋಹ ಏಳೋದೇ ಇಲ್ಲ. ತೀರಾ ತಡ ಮಾಡಿದರೆ ಮತ್ತೆ ಅದೇ ಹಳೇ ಸುಳಿ. ನಡುವೆ ಎಲ್ಲೋ ಒಂದು ಲಯ ಇದೆ, ಅದು ಪಾತ್ರೆಯಿಂದ ಪಾತ್ರೆಗೆ ಬೇರೆ.

(ಅಷ್ಟರಲ್ಲಿ ಕರೆಂಟು ಬಂತು. ಮೂಲೆಯ ಫ್ಯಾನು ಕಿರುಗುಟ್ಟುತ್ತಾ ಎದ್ದಿತು. ಮಾವ ಹೊಸದಾಗಿ ಸುತ್ತಿದ ಸ್ಟೇಟರೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಸುತ್ತಿದ ಸ್ಟೇಟರ್ ಸರಿಯಿದೆಯೇ ಎಂದು ನೋಡಲು ಅವರು ಒಳಗೆ ಬೇರಿಂಗಿನ ಗುಂಡೊಂದನ್ನು ಬಿಟ್ಟು ಅದು ಗೋಡೆ ಹಿಡಿದು ಓಡುವುದನ್ನು ನೋಡುವುದು ರೂಢಿ. ಈ ಸಲ ಗುಂಡು ತೆಗೆಯಲಿಲ್ಲ. ಸ್ಟವ್ ಹಚ್ಚಿ, ಬೆಸುಗೆಯ ಸೀಸದ ಕಡ್ಡಿಗಳನ್ನು ಮಣ್ಣಿನ ಕುಡಿಕೆಯಲ್ಲಿ ಕರಗಿಸಿದರು, ಮೇಲೆ ಒಂದು ಚಿಟಿಕೆ ಬೂದಿ ಉದುರಿಸಿದರು. ಇಕ್ಕಳದಲ್ಲಿ ಹಿಡಿದು ಸ್ಟೇಟರಿನ ನಡುವೆ ಇಳಿಸಿದರು.)

ಸೊಸೆ: ಪೂರ್ತಿ ವೋಲ್ಟೇಜು ಕೊಡಬೇಡಿ ಮಾವ, ರೋಟರ್ ಇಲ್ಲ. ಕಾಯಿಲ್ ಸುಡುತ್ತೆ.

ಮಾವ: ನನಗೆ ಹೇಳ್ತೀಯಾ? ಡಿಮ್ಮರ್‌ಸ್ಟಾಟಿನಲ್ಲಿ ಸ್ವಲ್ಪಸ್ವಲ್ಪವೇ ಏರಿಸ್ತೀನಿ. ಹಿಂದೆ ಸರಿ, ಸಿಡಿದೀತು.

(ಸ್ಟೇಟರ್ ಗುಂಯ್ ಅಂದಿತು. ಬೂದಿ ಮೊದಲು ನಡುಗಿತು. ಆಮೇಲೆ ಒಂದು ಅಂಚು ಜಾರಿತು, ಮತ್ತೊಂದು ಅದನ್ನು ಹಿಂಬಾಲಿಸಿತು, ಬೆಳ್ಳಗೆ ಹೊಳೆಯುವ ಸೀಸದ ಮೇಲೆ ಬೂದಿಯ ಬಳೆ ಸುತ್ತತೊಡಗಿ ಮೆಲ್ಲಗೆ ನಡುವಿನ ಗುಳಿಗೆ ಸೇರಿತು. ಮಾವ ಸ್ವಿಚ್ಚು ಆರಿಸಿ, ಎರಡು ತಂತಿ ಅದಲುಬದಲು ಮಾಡಿ ಮತ್ತೆ ಹಾಕಿದರು. ಸುಳಿ ತಡವರಿಸಿತು, ಬೂದಿ ಚೆದುರಿತು, ಒಂದು ಕ್ಷಣ ಎಲ್ಲವೂ ಕಲಸಿಹೋಗಿ, ಆ ಕಡೆಗೆ ಹೊರಟಿತು.)

ಮಾವ: ಹಾಂ, ಗಡಿಯಾರ ತಗೋ. ಎಷ್ಟು ಹೊತ್ತಿಗೊಂದು ಸಲ ಬದಲಿಸಲಿ ಹೇಳು.